ಸಂಶೋಧನೆಯ ಹಿನ್ನೆಲೆ ಯಾರದು?

ಅರ್ಜಿ ಫಾರಂಗಳನ್ನು ನಾವು ಬಹಳ ಕಂಡವರು. ರೇಷನ್ ಕಾರ್ಡಿನ ಅರ್ಜಿ, ಜಾತಿ ಸರ್ಟಿಫಿಕೇಟಿನ ಅರ್ಜಿ, ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ. ಯಾವ ಕಾಲಂನಲ್ಲಿ ಏನು ಬರೆದರೆ ಯಾವ ಗುಮಾಸ್ತ ಹೇಗೆ ಮುಖ ಸಿಂಡರಿಸುತ್ತಾನೆ ಅಂತ ಓದುಬರಹ ಬಾರದ ನಮ್ಮ ಅವ್ವ ಅಪ್ಪಂದಿರಿಗೂ ಗೊತ್ತು. ಈ ಸಲ ನಾವು ಮಾತಾಡಹೊರಟಿರುವುದು ನಮ್ಮ ಕೇರಿಗಳಿಂದ ಬೆರಳೆಣಿಕೆಯ ಮಕ್ಕಳು ಮಾತ್ರ ಮುಟ್ಟಿರುವ ಒಂದು ಅರ್ಜಿಯ ಬಗ್ಗೆ. ಚಿಕಿತ್ಸಾ ಮನೋವಿಜ್ಞಾನದಲ್ಲಿ, ಅಂದರೆ ಕ್ಲಿನಿಕಲ್ ಸೈಕಾಲಜಿಯಲ್ಲಿ, ಪಿಎಚ್.ಡಿ. ಮುಗಿಸಿದವರು ಹಾಕುವ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ಪಿನ ಅರ್ಜಿ ಅದು. ಅದರಲ್ಲಿ ಒಂದು ಕಾಲಂ ಇರುತ್ತದೆ: ‘ಸಂಶೋಧನೆಯ ಹಿನ್ನೆಲೆ’.

ಬೆರಳೆಣಿಕೆಯವರ ಅರ್ಜಿಗೆ ಇಷ್ಟು ಪುಟ ಯಾಕೆ ಅಂತ ನೀವು ಕೇಳಬಹುದು. ಯಾವುದು ಕಾಯಿಲೆ, ಯಾವುದು ಅಲ್ಲ. ಯಾರ ದುಃಖವನ್ನು ಅಳೆಯಬೇಕು, ಯಾರದನ್ನು ಬಿಡಬೇಕು. ದುಡ್ಡು ಯಾವ ಪ್ರಶ್ನೆಗೆ ಹೋಗಬೇಕು ಎಂದು ಗೆರೆ ಎಳೆಯುವವರಲ್ಲಿ ಬಹಳ ಮಂದಿ ಈ ಬಾಗಿಲಿನಿಂದ ಒಳಗೆ ಹೋದವರು. ಅದಕ್ಕೇ.

ನಮ್ಮ ಗೆಳತಿಯೊಬ್ಬಳ ಕಥೆ ಕೇಳಿ. ಹೆಸರು ಬೇಡ, ಊರು ಬೇಡ. ಅವ್ವ ಕಳೆ ಕೀಳುವ ಕೂಲಿ, ಅಪ್ಪ ಇಟ್ಟಿಗೆ ಗೂಡಿನಲ್ಲಿ. ಸೈಕಾಲಜಿಯಲ್ಲಿ ಎಂ.ಎ. ಆದ ಮೇಲೆ ಈಕೆ ಒಂದು ದೊಡ್ಡ ಪ್ರಾಜೆಕ್ಟಿನಲ್ಲಿ ಹದಿನಾಲ್ಕು ತಿಂಗಳು ‘ಫೀಲ್ಡ್ ಸ್ಟಾಫ್’ ಆಗಿ ದುಡಿದಳು. ಬಸ್ಸು ಹೋಗದ ಊರುಗಳಿಗೆ ನಡೆದು ಹೋಗಿ, ಮನೆ ಮನೆಯ ಜಗಲಿಯಲ್ಲಿ ಕೂತು ಪ್ರಶ್ನಾವಳಿ ತುಂಬುವ ಕೆಲಸ. ಇನ್ನೂ ಆ ಪ್ರಶ್ನಾವಳಿಯನ್ನು ಪರೀಕ್ಷೆ ಮಾಡಿ ನೋಡುವ ಹಂತ. ಇಂಗ್ಲಿಷಿನಿಂದ ಯಾರೋ ಪುಸ್ತಕದ ಕನ್ನಡಕ್ಕೆ ಇಳಿಸಿದ್ದರು: ‘ಇತ್ತೀಚಿನ ದಿನಗಳಲ್ಲಿ ನಿಮಗೆ ನಿರಾಶಾಭಾವನೆ ಉಂಟಾಗಿದೆಯೇ?’ ಮುದುಕಿಯೊಬ್ಬಳು ಈಕೆಯ ಮುಖ ನೋಡಿದಳು. ‘ಅದೇನವ್ವ ಅದು? ಯಾವ ಭಾವ್ನೆ?’ ಈಕೆ ಹಾಳೆ ಮಡಿಚಿಟ್ಟು ಕೇಳಿದಳು: ‘ಅಜ್ಜಿ, ಇನ್ನ ಏನ್ ಮಾಡುದ್ರೂ ಅಷ್ಟೇಯ ಅನ್ನುಸ್ತದಾ?’ ಮುದುಕಿಯ ಕಣ್ಣಲ್ಲಿ ನೀರು ಬಂತು. ‘ಅನ್ನುಸ್ದೆ ಇನ್ನೇನವ್ವ? ಎದೆ ಮ್ಯಾಲೆ ಬೀಸೋಕಲ್ಲು ಮಡಗ್ದಂಗೆ ಆಯ್ತದೆ’ ಅಂದಳು. ಆವತ್ತು ರಾತ್ರಿ ಈಕೆ ಕೂತು ಇಡೀ ಪ್ರಶ್ನಾವಳಿಯನ್ನು ಜನರ ಮಾತಿಗೆ ತಿರುಗಿಸಿ ಬರೆದಳು. ಪ್ರಾಜೆಕ್ಟಿನವರು ಅದನ್ನೇ ತಗೊಂಡರು. ಎಲ್ಲ ಊರುಗಳಲ್ಲೂ ಅದೇ ನಡೆಯಿತು.

ಎರಡು ವರ್ಷದ ಮೇಲೆ ಪ್ರಬಂಧ ಅಚ್ಚಾಯಿತು. ಇಂಗ್ಲಿಷಿನಲ್ಲಿ, ಹೊರದೇಶದ ಪತ್ರಿಕೆಯಲ್ಲಿ. ಏಳು ಹೆಸರು. ಈಕೆಯದು ಇಲ್ಲ. ಕೊನೆಯಲ್ಲಿ ಒಂದು ಸಾಲು: ಕ್ಷೇತ್ರ ಸಿಬ್ಬಂದಿಗೆ ವಂದನೆಗಳು.

ಆಮೇಲೆ ಈಕೆ ಎಂ.ಫಿಲ್. ಮಾಡಿದಳು, ಪಿಎಚ್.ಡಿ. ಮಾಡಿದಳು, ಪೋಸ್ಟ್ ಡಾಕ್ಟೊರಲ್ ಸಂದರ್ಶನಕ್ಕೆ ಹೋದಳು. ಮೇಜಿನ ಆಚೆ ಕೂತವರು ಅರ್ಜಿ ತಿರುವಿದರು. ‘ಥೀಸಿಸ್ ಬಿಟ್ರೆ ಪಬ್ಲಿಕೇಶನ್ಸ್ ಏನಿದೆ?’ ಕನ್ನಡದ ಮಾಸಪತ್ರಿಕೆಯಲ್ಲಿ ಬರೆದದ್ದನ್ನು ಹೇಳಿದಳು. ‘ಅದು ಬಿಡಿ. ಜರ್ನಲ್ಸ್‌ನಲ್ಲಿ?’ ಈಕೆ ಸುಮ್ಮನಿದ್ದಳು. ‘ಹಾಗಾದ್ರೆ ರಿಸರ್ಚ್ ಬ್ಯಾಕ್‌ಗ್ರೌಂಡ್ ಸ್ವಲ್ಪ ವೀಕು ಅನ್ನಿ.’ ಆಯ್ಕೆಯಾದವನ ಪಟ್ಟಿಯಲ್ಲಿ ಆ ಏಳು ಹೆಸರಿನ ಪ್ರಬಂಧವೂ ಇತ್ತು. ಐದನೆಯ ಹೆಸರು ಅವನದು. ಅವನು ಲೆಕ್ಕ ಹಾಕಿದವನು. ಲೆಕ್ಕ ಹಾಕುವುದೂ ಕೆಲಸವೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕಕ್ಕೆ ಬೇಕಾದ ಒಂದೊಂದು ಅಂಕಿಯನ್ನೂ ಬಿಸಿಲಲ್ಲಿ ನಡೆದು ತಂದವಳಿಗೆ ‘ಹಿನ್ನೆಲೆ ಇಲ್ಲ’ ಅಂದರೆ ಏನು ಅರ್ಥ? ಆಟದುದ್ದಕ್ಕೂ ಹಿಮ್ಮೇಳ ಹಾಡಿದವಳಿಗೆ ನಿನಗೆ ಹಾಡಲು ಬರುತ್ತದೆಯೇ ಅಂತ ಕೇಳಿದ ಹಾಗಾಯಿತು.

ಈ ಕಾಲಂ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಬಿಡಿಸಿ ನೋಡೋಣ. ತಿಳಿಯದೆ ಬೈದರೆ ಅದು ಬರೀ ಬೈಗುಳ.

ಈ ವಿದ್ಯೆಯ ಇವತ್ತಿನ ಅಚ್ಚು ಎರಕವಾದದ್ದು ಅಮೆರಿಕದಲ್ಲಿ. 1949ರಲ್ಲಿ ಕೊಲರಾಡೋದ ಬೋಲ್ಡರ್ ಎಂಬ ಊರಿನಲ್ಲಿ ಸೇರಿದ ಸಮ್ಮೇಳನ, ಚಿಕಿತ್ಸಾ ಮನೋವಿಜ್ಞಾನಿ ಅಂದರೆ ವಿಜ್ಞಾನಿಯೂ ಆಗಿರಬೇಕು, ಚಿಕಿತ್ಸೆ ಮಾಡುವವನೂ ಆಗಿರಬೇಕು ಅಂತ ತೀರ್ಮಾನ ಮಾಡಿತು. 1973ರಲ್ಲಿ ಅದೇ ರಾಜ್ಯದ ವೇಲ್‌ನಲ್ಲಿ ಸೇರಿದ ಇನ್ನೊಂದು ಸಮ್ಮೇಳನ, ಚಿಕಿತ್ಸೆಗೇ ಒತ್ತು ಕೊಡುವ ಪ್ರತ್ಯೇಕ ಪದವಿ ಇರಬಹುದು ಅಂತ ಒಪ್ಪಿತು. ಅದೇ ಸೈ.ಡಿ. ಅಲ್ಲಿ ಪದವಿಯ ಭಾಗವಾಗಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ಆಮೇಲೆ ಲೈಸೆನ್ಸ್ ಬೇಕಾದರೆ ಹಲವು ರಾಜ್ಯಗಳಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಇನ್ನಷ್ಟು ಗಂಟೆ ದುಡಿಯಬೇಕು. ಅದಕ್ಕಾಗಿಯೇ ಬಹಳ ಜನ ಪೋಸ್ಟ್ ಡಾಕ್ಟೊರಲ್ ಹುದ್ದೆಗೆ ಹೋಗುತ್ತಾರೆ. ಆ ಹುದ್ದೆಗಳಲ್ಲಿ ಎರಡು ಬಗೆ. ಚಿಕಿತ್ಸೆಯ ಹುದ್ದೆಯಲ್ಲಿ ಎಂಥ ರೋಗಿಗಳನ್ನು ನೋಡಿದ್ದೀಯ, ಎಷ್ಟು ಗಂಟೆ, ಯಾರ ಕೈಕೆಳಗೆ ಅನ್ನುವುದೇ ಮುಖ್ಯ. ಪ್ರಬಂಧ ಕಡಿಮೆ ಇದ್ದರೂ ನಡೆಯುತ್ತದೆ. ಸಂಶೋಧನೆಯ ಹುದ್ದೆಯಲ್ಲಿ ಹಾಗಲ್ಲ. ಎಷ್ಟು ಪ್ರಬಂಧ, ಎಷ್ಟರಲ್ಲಿ ಮೊದಲ ಹೆಸರು, ಸಂಖ್ಯಾಶಾಸ್ತ್ರ ಎಷ್ಟು ಗೊತ್ತು, ಶಿಫಾರಸು ಪತ್ರ ಬರೆದವರು ಯಾರು, ನಿನ್ನ ಕೆಲಸ ಅಲ್ಲಿನ ಪ್ರೊಫೆಸರರ ಪ್ರಾಜೆಕ್ಟಿಗೆ ಹೊಂದುತ್ತದೆಯೇ: ಇವೇ ತೂಕ.

ನಮ್ಮಲ್ಲಿ? 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1955ರಲ್ಲಿ ಅಲ್ಲಿ ಈ ವಿದ್ಯೆಯ ಡಿಪ್ಲೊಮಾ ಬಂತು. 1974ರಲ್ಲಿ ಆ ಸಂಸ್ಥೆ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂದ ಮೇಲೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ನೋಂದಣಿಯಾಗಲು ಬಹುಮಟ್ಟಿಗೆ ಆ ಎರಡು ವರ್ಷದ ಎಂ.ಫಿಲ್. ದಾರಿಯೇ ದಾರಿಯಾಯಿತು. 2022ರಲ್ಲಿ ಯುಜಿಸಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿ, ಆಮೇಲೆ ಈ ವಿಷಯಕ್ಕೆ 2025-26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತು. ಹೀಗಾಗಿ ನಮ್ಮಲ್ಲಿ ಪೋಸ್ಟ್ ಡಾಕ್ಟೊರಲ್ ಅನ್ನುವುದು ಲೈಸೆನ್ಸಿನ ಮೆಟ್ಟಿಲಲ್ಲ. ಅದು ಹೆಚ್ಚುಕಡಿಮೆ ಪೂರಾ ಸಂಶೋಧನೆಯ ಹುದ್ದೆ. ಅಧ್ಯಾಪಕನಾಗಲು, ಸ್ವಂತ ಪ್ರಾಜೆಕ್ಟು ಬರೆಯಲು, ಸ್ವಂತ ಪ್ರಶ್ನೆ ಕೇಳಲು ಅದು ಬಾಗಿಲು. ಆದ್ದರಿಂದಲೇ ಇಲ್ಲಿ ‘ಹಿನ್ನೆಲೆ’ಯ ಕಾಲಂ ಉಳಿದೆಲ್ಲ ಕಾಲಂಗಳನ್ನು ನುಂಗಿ ಕೂತಿದೆ.

ಈಗ ಕೇಳೋಣ: ಹಿನ್ನೆಲೆ ಯಾವುದರಿಂದ ಆಗುತ್ತದೆ? ಬುದ್ಧಿಯಿಂದ ಅಂತ ಅವರು ಹೇಳುತ್ತಾರೆ. ಬುದ್ಧಿ ಬೇಕು, ನಿಜ. ಅದರ ಜೊತೆ ಇನ್ನೂ ನಾಲ್ಕು ಬೇಕು: ಬಿಡುವು, ಇಂಗ್ಲಿಷು, ದುಡ್ಡು, ದೊಡ್ಡವರ ಪರಿಚಯ.

ಬಿಡುವು ಅಂದರೆ, ಬಿ.ಎ. ಓದುವಾಗಲೇ ಪ್ರೊಫೆಸರರ ಲ್ಯಾಬಿನಲ್ಲಿ ಆರು ತಿಂಗಳು ಸಂಬಳವಿಲ್ಲದೆ ಕೂರುವ ಶಕ್ತಿ. ಬೆಂಗಳೂರಿನ ರೂಮಿನ ಬಾಡಿಗೆ ಅಪ್ಪ ಕಟ್ಟುತ್ತಾನೆ, ಮಗ ‘ಅನುಭವ’ ಗಳಿಸುತ್ತಾನೆ. ಅದೇ ಆರು ತಿಂಗಳು ನಮ್ಮ ಹುಡುಗ ಮದುವೆ ಛತ್ರದಲ್ಲಿ ಬಡಿಸಲು ಹೋಗುತ್ತಾನೆ. ದುಡ್ಡು ಅಂದರೆ, ಸಮ್ಮೇಳನದ ನೋಂದಣಿ ಫೀಜು, ರೈಲು ಖರ್ಚು, ಎಲ್ಲರೂ ಬಿಟ್ಟಿಯಾಗಿ ಓದಬಹುದಾದ ಎಷ್ಟೋ ಹೊರದೇಶದ ಪತ್ರಿಕೆಗಳಲ್ಲಿ ಒಂದು ಪ್ರಬಂಧ ಅಚ್ಚು ಹಾಕಿಸಲು ಸಾವಿರ ಡಾಲರಿಗೂ ಮೇಲೆ. ಫೆಲೋಶಿಪ್ ಇದೆಯಲ್ಲ ಅನ್ನುತ್ತಾರೆ. ಅದು ತಿಂಗಳುಗಟ್ಟಲೆ ಬಾರದಿದ್ದರೆ ಏನಾಗುತ್ತದೆ ಅನ್ನುವುದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2016ರ ಜನವರಿ 17ರಂದು ರೋಹಿತ್ ವೇಮುಲನನ್ನು ಕಳಕೊಂಡ ನಮಗೆ ಗೊತ್ತು. ಸಸ್ಪೆಂಡ್ ಆಗುವ ಮೊದಲೇ ಅವನ ಫೆಲೋಶಿಪ್ಪು ನಿಂತುಹೋಗಿತ್ತು. ಇನ್ನು ಪರಿಚಯ ಅಂದರೆ ಶಿಫಾರಸು ಪತ್ರ. ಗೈಡ್ ಮಹಾಶಯ ಒಬ್ಬನ ಬಗ್ಗೆ ಎರಡು ಪುಟ ತುಂಬ ಬರೆಯುತ್ತಾರೆ. ಇನ್ನೊಬ್ಬಳ ಬಗ್ಗೆ ಬರೆಯುವುದು ಇಷ್ಟೇ: ‘ಶ್ರಮಜೀವಿ, ವಿಧೇಯಳು.’ ಶತಮಾನಗಳಿಂದ ನಮಗೆ ಸಿಕ್ಕಿರುವ ಸರ್ಟಿಫಿಕೇಟು ಅದೊಂದೇ ಅಲ್ಲವೇ?

2016ರ ಯುಜಿಸಿ ನಿಯಮ ಇನ್ನೊಂದು ಆಟ ಆಡಿತು. ಥೀಸಿಸ್ ಒಪ್ಪಿಸುವ ಮೊದಲು ಒಂದು ಪ್ರಬಂಧ ಅಚ್ಚಾಗಿರಲೇಬೇಕು, ಎರಡು ಸಮ್ಮೇಳನದಲ್ಲಿ ಓದಿರಲೇಬೇಕು ಅಂದಿತು. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಸುಗ್ಗಿ. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಆದರೆ ಪಟ್ಟಿಯ ಉದ್ದ ನೋಡಿ ಮನುಷ್ಯನನ್ನು ಅಳೆಯುವ ಚಟ ಹೋಗಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ಊರಿಗೆ ಊರೇ ಬೆಂಕಿ ಹಚ್ಚಿದರು. ಈ ಪಟ್ಟಿಗಳಲ್ಲಿ ಬೂಸಾ ಎಷ್ಟು, ಕಾಳು ಎಷ್ಟು ಅಂತ ತೂರಿ ನೋಡುವ ಧೈರ್ಯ ಇವತ್ತು ಯಾವ ಸಮಿತಿಗಿದೆ?

‘ಫೀಲ್ಡ್ ವರ್ಕು ಸಂಶೋಧನೆ ಅಲ್ಲ ಕಣ್ರೀ, ಅದು ಕೂಲಿ’ ಅನ್ನುವವರಿಗೆ ನಮ್ಮದು ಎರಡು ಉತ್ತರ.

ಒಂದು, ಮನೆಯ ಉದಾಹರಣೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ತಿದ್ದಿದರು. ಆ ಪರೀಕ್ಷೆಗೆ ಬಿನೆ-ಕಾಮತ್ ಪರೀಕ್ಷೆ ಅಂತಲೇ ಹೆಸರು. ಸರಿಯಾದ ಹೆಸರೇ. ಪರಭಾಷೆಯ ಅಳತೆಗೋಲನ್ನು ನಮ್ಮ ಮಕ್ಕಳ ಬಾಯಿಗೆ ಒಗ್ಗಿಸುವುದು ದೊಡ್ಡ ವಿದ್ವತ್ತು ಅಂತ ಲೋಕವೇ ಒಪ್ಪಿತು. ಹಾಗಾದರೆ ನಮ್ಮ ಗೆಳತಿ ಆ ರಾತ್ರಿ ಮಾಡಿದ್ದೇನು? ಅದಕ್ಕೆ ಮಾತ್ರ ಕೂಲಿ ಅನ್ನುವ ಹೆಸರೇಕೆ?

ಎರಡು, ಅವರದೇ ಪುಸ್ತಕದ ಮಾತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯೊಂದಿದೆ, 1978ರಿಂದ. ಯಾರನ್ನು ಲೇಖಕರೆನ್ನಬೇಕು ಅಂತ ಅದು ನಿಯಮ ಮಾಡಿದೆ. ಮಾಹಿತಿ ತರುವುದರಲ್ಲಿ ಗಣನೀಯ ಪಾಲು ಇರುವುದೂ ಅಲ್ಲಿ ಮೊದಲ ಷರತ್ತಿನಲ್ಲೇ ಬರುತ್ತದೆ. ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಒಪ್ಪಿಗೆ, ಹೊಣೆ ಹೊರುವುದು: ಇವು ಉಳಿದ ಷರತ್ತುಗಳು. ‘ಅವಳು ಬರೆಯಲಿಲ್ಲವಲ್ಲ’ ಅನ್ನುತ್ತಾರೆ ಇವರು. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಮೊದಲ ಷರತ್ತು ಪೂರೈಸಿದವರಿಗೆ ಕರಡು ನೋಡುವ, ಬರೆಯುವ, ಒಪ್ಪಿಗೆ ಕೊಡುವ ಅವಕಾಶ ಕೊಡಬೇಕು, ಅವಕಾಶ ಕೊಡದೆ ಹೊರಗಿಡಲು ಈ ಷರತ್ತುಗಳನ್ನು ಬಳಸಕೂಡದು. ಬಾವಿ ತೋಡುವಾಗ ಕರೆದು, ನೀರು ಬಂದ ಮೇಲೆ ದೂರ ನಿಲ್ಲು ಅನ್ನುವುದು ನಮ್ಮ ಹಳ್ಳಿಯಲ್ಲಿ ಮಾತ್ರ ನಡೆಯುವುದಲ್ಲ ಅಂತಾಯಿತು. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಘೋಷಣೆಯೊಂದು, ಕೆಲಸಕ್ಕೆ ತಗೊಳ್ಳುವಾಗ ಪತ್ರಿಕೆಯ ‘ಇಂಪ್ಯಾಕ್ಟ್ ಫ್ಯಾಕ್ಟರ್’ ನೋಡಿ ಮನುಷ್ಯನ ಕೆಲಸವನ್ನು ಅಳೆಯಬೇಡಿ ಅಂತ ಹೇಳಿದೆ. ಇವೆಲ್ಲ ಬಂಡಾಯದವರ ಕರಪತ್ರಗಳಲ್ಲ, ವಿಜ್ಞಾನದವರೇ ಮಾಡಿಕೊಂಡ ಕಟ್ಟಳೆಗಳು. ಅವುಗಳನ್ನು ಪಾಲಿಸಿ ಅಂತ ಕೇಳುವುದಕ್ಕೂ ನಮ್ಮನ್ನು ‘ಜಾತಿವಾದಿ’ ಅನ್ನುತ್ತೀರಾ?

ನಮ್ಮ ಮಕ್ಕಳು ಹೊರಗುಳಿದರೆ ನಷ್ಟ ಅವರಿಗೆ ಮಾತ್ರ ಅಂತ ತಿಳಿಯಬೇಡಿ. ಆ ವಿದ್ಯೆಗೇ ಕಣ್ಣು ಹೋಗುತ್ತದೆ. 2008ರಲ್ಲಿ ಜೆಫ್ರಿ ಆರ್ನೆಟ್ ಎಂಬ ಮನೋವಿಜ್ಞಾನಿ ಅಮೆರಿಕದ ಆರು ಮುಖ್ಯ ಪತ್ರಿಕೆಗಳನ್ನು ಲೆಕ್ಕ ಹಾಕಿ ತೋರಿಸಿದರು. ಅಧ್ಯಯನಕ್ಕೆ ಒಳಗಾದವರಲ್ಲಿ ಶೇಕಡ 68 ಮಂದಿ ಅಮೆರಿಕದವರು, ಶೇಕಡ 96 ಮಂದಿ ಪಶ್ಚಿಮದ ಶ್ರೀಮಂತ ದೇಶಗಳವರು. ಆ ಅಳತೆಗೋಲು ಹಿಡಿದು ನಮ್ಮ ಕೇರಿಗೆ ಬರುತ್ತಾರೆ. ನಿದ್ದೆ ಬರುತ್ತದೆಯಾ ಅಂತ ಕೇಳುತ್ತಾರೆ. ಟೀ ಅಂಗಡಿಯಲ್ಲಿ ನಿನಗೆ ಬೇರೆ ಲೋಟ ಇತ್ತಾ, ದೇವಸ್ಥಾನದ ಮೆಟ್ಟಿಲು ಹತ್ತಿದ್ದಕ್ಕೆ ದಂಡ ಕಟ್ಟಿದೆಯಾ, ಮ್ಯಾನ್‌ಹೋಲಿನಿಂದ ಬಂದ ಮೇಲೆ ಮಗು ನಿನ್ನ ಹತ್ತಿರ ಬರುತ್ತದಾ ಅಂತ ಕೇಳುವ ಕಾಲಂ ಆ ಹಾಳೆಯಲ್ಲಿ ಇಲ್ಲ. ಕಾಲಂ ಇಲ್ಲದಿದ್ದರೆ ಅಂಕಿ ಇಲ್ಲ. ಅಂಕಿ ಇಲ್ಲದಿದ್ದರೆ ಸಮಸ್ಯೆಯೇ ಇಲ್ಲ! ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ಕಂಡದ್ದೇನು? ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಮುಟ್ಟಿಲ್ಲ. ಆ ಮುಟ್ಟದವರ ನಡುವಿನಿಂದ ಎದ್ದು ಬಂದವಳನ್ನು ಬಾಗಿಲಲ್ಲಿ ತಡೆದು ‘ಹಿನ್ನೆಲೆ ಇಲ್ಲ’ ಅನ್ನುವುದು ಯಾವ ವಿಜ್ಞಾನ?

ಅಮೆರಿಕದ ಕರಿಯರ ಇತಿಹಾಸದಲ್ಲೂ ಈ ಬಾಗಿಲು ಇದೆ. ಮೇಮಿ ಕ್ಲಾರ್ಕ್ ಎಂಬ ಕಪ್ಪು ಹೆಣ್ಣುಮಗಳು 1939ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ತನ್ನ ಎಂ.ಎ. ಪ್ರಬಂಧಕ್ಕೆ ಆರಿಸಿಕೊಂಡದ್ದು ಕಪ್ಪು ಮಕ್ಕಳು ತಮ್ಮನ್ನು ತಾವು ಹೇಗೆ ಕಾಣುತ್ತಾರೆ ಅನ್ನುವ ಪ್ರಶ್ನೆ. 1943ರಲ್ಲಿ ಕೊಲಂಬಿಯಾದಿಂದ ಪಿಎಚ್.ಡಿ. ಪಡೆದಳು. ಅಷ್ಟು ಹಿನ್ನೆಲೆ ಇದ್ದರೂ ನ್ಯೂಯಾರ್ಕಿನಲ್ಲಿ ಅವಳ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. 1946ರಲ್ಲಿ ಗಂಡ ಕೆನೆತ್ ಕ್ಲಾರ್ಕ್ ಜೊತೆ ಹಾರ್ಲೆಮ್‌ನಲ್ಲಿ ತಾನೇ ಒಂದು ಚಿಕಿತ್ಸಾ ಕೇಂದ್ರ ತೆರೆದಳು. ಅವರಿಬ್ಬರು ಗೊಂಬೆಗಳನ್ನಿಟ್ಟು ಮಕ್ಕಳ ಮೇಲೆ ನಡೆಸಿದ ಅಧ್ಯಯನ, 1954ರಲ್ಲಿ ಶಾಲೆಗಳ ವರ್ಣಬೇಧವನ್ನು ಅಸಿಂಧುಗೊಳಿಸಿದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಉಲ್ಲೇಖವಾಯಿತು. ಅಮೆರಿಕದ ಮನೋವಿಜ್ಞಾನ ಸಂಘ ಜನಾಂಗಭೇದದಲ್ಲಿ ತನ್ನದೂ ಪಾಲಿದೆ ಅಂತ ಕ್ಷಮೆ ಕೇಳಿದ್ದು ಯಾವಾಗ? 2021ರ ಅಕ್ಟೋಬರಿನಲ್ಲಿ.

ನಮ್ಮ ಬಾಬಾಸಾಹೇಬರ ಹಿನ್ನೆಲೆ ಏನು ಕಡಿಮೆಯಿತ್ತಾ? ಕೊಲಂಬಿಯಾದಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದವರನ್ನು ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಓಡಿಸಿದರು. ಹಿನ್ನೆಲೆ ಇಲ್ಲ ಅಂತ ಒಮ್ಮೆ, ಹಿನ್ನೆಲೆ ಇದ್ದರೂ ‘ಹುಟ್ಟಿನ ಹಿನ್ನೆಲೆ’ ಸರಿಯಿಲ್ಲ ಅಂತ ಇನ್ನೊಮ್ಮೆ.

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು ಹೇಳಬೇಕು. ‘ಈ ಸಂಶೋಧನೆಯೆಲ್ಲ ಮೇಲಿನವರ ಆಟ, ನಮಗ್ಯಾಕೆ? ನಾಲ್ಕು ಜನಕ್ಕೆ ಚಿಕಿತ್ಸೆ ಕೊಟ್ಟರೆ ಸಾಲದಾ?’ ಅನ್ನುವ ಗೆಳೆಯರಿದ್ದಾರೆ. ಸಾಲದು. ಸಂಶೋಧನೆ ಬೇಡ ಅಂದರೆ ನಾವು ಎಂದೆಂದಿಗೂ ಇನ್ನೊಬ್ಬರ ಪ್ರಶ್ನಾವಳಿ ಹೊತ್ತು ತಿರುಗುವವರೇ. ಮಗಳಿಗೆ ಮೈಮೇಲೆ ಬರುತ್ತದೆ ಅಂತ ಹುಣಸೆ ಬರಲಿನಲ್ಲಿ ಹೊಡೆಯುವ ಮಂತ್ರವಾದಿಯನ್ನು ಎದುರಿಸಲು ನಮಗೆ ಸಂಶೋಧನೆ ಬೇಕು. ಕುಡಿತವನ್ನು ‘ಆ ಜನರ ಅಭ್ಯಾಸ’ ಅನ್ನುವ ಪ್ರೊಫೆಸರನ್ನು ಎದುರಿಸಲೂ ಬೇಕು. ಸಂಖ್ಯಾಶಾಸ್ತ್ರ ಕಷ್ಟ ಅಂತ ಬಿಟ್ಟು ಓಡುವುದು ಬಂಡಾಯವಲ್ಲ. ಸುಳ್ಳು ಪತ್ರಿಕೆಗೆ ಸಾಲ ಮಾಡಿ ದುಡ್ಡು ಕಟ್ಟಿ ಹೆಸರು ಹಾಕಿಸಿಕೊಳ್ಳುವುದೂ ಅಲ್ಲ. ಅದು ಅವರ ಚಟಕ್ಕೆ ನಮ್ಮ ಹೊಲ ಅಡವಿಟ್ಟಂತೆ.

ಹಾಗಾದರೆ ನಾವು ಕೇಳುವುದೇನು? ಭಿಕ್ಷೆ ಅಲ್ಲ, ರಿಯಾಯಿತಿ ಅಲ್ಲ. ಪೋಸ್ಟ್ ಡಾಕ್ಟೊರಲ್ ಆಯ್ಕೆಯಲ್ಲಿ ಯಾವುದಕ್ಕೆ ಎಷ್ಟು ಅಂಕ ಅಂತ ಅರ್ಜಿ ಕರೆಯುವಾಗಲೇ ಪ್ರಕಟಿಸಿ. ಕ್ಷೇತ್ರಕಾರ್ಯಕ್ಕೆ, ಅಳತೆಗೋಲನ್ನು ಜನರ ಭಾಷೆಗೆ ತರುವುದಕ್ಕೆ, ಹಳ್ಳಿಯ ಚಿಕಿತ್ಸೆಯ ಅನುಭವಕ್ಕೆ ಅಂಕ ಕೊಡಿ. ಕನ್ನಡದಲ್ಲಿ ಬರೆದದ್ದನ್ನು ಓದಿ ನೋಡಿ ಬೆಲೆ ಕಟ್ಟಿ, ಓದದೆ ಪಕ್ಕಕ್ಕಿಡಬೇಡಿ. ಪ್ರಾಜೆಕ್ಟಿಗೆ ಸೇರಿಸಿಕೊಳ್ಳುವ ದಿನವೇ ಯಾರ ಹೆಸರು ಎಲ್ಲಿ ಬರುತ್ತದೆ ಅಂತ ಬರೆದು ಕೊಡಿ. ಫೆಲೋಶಿಪ್ ತಿಂಗಳ ತಿಂಗಳು ಕೊಡಿ. ‘ಸೂಕ್ತ ಅಭ್ಯರ್ಥಿ ಸಿಗಲಿಲ್ಲ’ ಅಂತ ಮೀಸಲು ಸ್ಥಾನ ಖಾಲಿ ಬಿಡುವುದಾದರೆ, ಯಾಕೆ ಸೂಕ್ತರಲ್ಲ ಅಂತ ಕಾರಣ ಬರೆದು ಸಹಿ ಹಾಕಿ.

ವಿದ್ಯಾರ್ಥಿ ಗೆಳೆಯರೇ, ನೀವೂ ಕೂರಬೇಡಿ. ಯಾವ ಊರು, ಎಷ್ಟು ಮನೆ, ಯಾವ ಪ್ರಶ್ನೆಯನ್ನು ಹೇಗೆ ತಿದ್ದಿದಿರಿ ಅಂತ ದಿನಾ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಕರಡು ತೋರಿಸಿ ಅಂತ ಬಾಯಿಬಿಟ್ಟು ಕೇಳಿ. ಸರ್ಕಾರಿ ಸಂಸ್ಥೆಯಲ್ಲಿ ಸಂದರ್ಶನ ಆದ ಮೇಲೆ ನಿಮಗೆ ಎಷ್ಟು ಅಂಕ ಬಂತು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮಾತಾಡದೆ ಕೂತ ಮಗುವಿನ ಬಗ್ಗೆ ನಿಮಗೆ ಗೊತ್ತಿರುವುದು ಎಷ್ಟೋ ಪ್ರೊಫೆಸರರಿಗೆ ಗೊತ್ತಿಲ್ಲ. ಅದನ್ನು ಬರೆಯಿರಿ. ಸಂಶೋಧನೆ ಅಲ್ಲಿಂದಲೇ ಶುರುವಾಗುವುದು.

ನಮ್ಮ ಗೆಳತಿ ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಮೊನ್ನೆ ಎಲ್ಲರೂ ಕೂತು ಅವಳ ಹಳೆಯ ನೋಟುಪುಸ್ತಕಗಳನ್ನು ತೆಗೆದೆವು. ನಡೆದ ಊರುಗಳ ಹೆಸರು ಬರೆದೆವು, ಕೂತ ಮನೆಗಳನ್ನು ಎಣಿಸಿದೆವು, ತಿದ್ದಿದ ಪ್ರಶ್ನೆಗಳನ್ನು ಮೊದಲಿನದು ಒಂದು ಕಡೆ, ಜನರ ಮಾತಿನದು ಒಂದು ಕಡೆ ಇಟ್ಟು ಪಟ್ಟಿ ಮಾಡಿದೆವು. ‘ಸಂಶೋಧನೆಯ ಹಿನ್ನೆಲೆ’ಗೆ ಅವರು ಬಿಟ್ಟಿದ್ದ ಜಾಗ ಎರಡು ಬೆರಳಗಲ. ಆದರೆ ಫಾರಂನ ಕೆಳಗೆ ಅವರೇ ಅಚ್ಚು ಹಾಕಿದ್ದಾರೆ: ಸ್ಥಳ ಸಾಲದಿದ್ದಲ್ಲಿ ಪ್ರತ್ಯೇಕ ಹಾಳೆ ಲಗತ್ತಿಸುವುದು.

ಲಗತ್ತಿಸಿದ್ದೇವೆ. ಹನ್ನೊಂದು ಹಾಳೆ.